ನೋಟಿಸು ಯಾರಿಗೆ ಕೊಡೋದು? ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಪ್ರಕರಣ

ಮೈಸೂರಿನಲ್ಲಿ ಓದಿದವರಿಗೆ ಲ್ಯಾನ್ಸ್‌ಡೌನ್ ಬಿಲ್ಡಿಂಗ್ ಅಂದರೆ ಮೊದಲು ನೆನಪಾಗೋದು ಹಳೇ ಪುಸ್ತಕದ ಅಂಗಡಿಗಳು. ಚಿಕ್ಕ ಗಡಿಯಾರದ ಹತ್ತಿರ, ದೇವರಾಜ ಮಾರ್ಕೆಟ್ಟಿನ ಪಕ್ಕದಲ್ಲಿರುವ ಉದ್ದನೆಯ ಕಟ್ಟಡ ಅದು. ಪುಸ್ತಕಗಳನ್ನು ಬಾಗಿಲಿನಿಂದ ಆಚೆಯವರೆಗೂ ಪೇರಿಸಿಟ್ಟಿರುತ್ತಿದ್ದರು. ಮೊದಲ ಪುಟದ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಬೆಲೆ, ಅದರ ಕೆಳಗೆ ಯಾವುದೋ ಊರಿನ ಯಾರದೋ ಹೆಸರು. ಹೊಸ ವರ್ಷದ ಕ್ಲಾಸು ಶುರುವಾಗುವಾಗ ಹಳೇ ಪಠ್ಯಪುಸ್ತಕ ಕೊಟ್ಟು ಮುಂದಿನ ವರ್ಷದ್ದನ್ನು ತಗೊಂಡು ಬರುತ್ತಿದ್ದೆವು. ತಲೆ ಎತ್ತಿ ಸೂರು ನೋಡಿದ್ದು ನನಗೆ ನೆನಪಿಲ್ಲ. ಪುಸ್ತಕ ಹುಡುಕುವವರು ಸೂರನ್ನು ಯಾಕೆ ನೋಡುತ್ತಾರೆ?

2012ರ ಆಗಸ್ಟ್ 25, ಶನಿವಾರ. ಆ ಕಟ್ಟಡದ ಒಂದು ಭಾಗ ಕುಸಿಯಿತು. ನಾಲ್ಕು ಜನ ಸತ್ತರು.

ಅಂಗಡಿಯವರನ್ನೆಲ್ಲ ಖಾಲಿ ಮಾಡಿಸಿ ಬಾಗಿಲು ಹಾಕಿದರು. ಆಮೇಲೆ ದುರಸ್ತಿ ಶುರುವಾಗಿ ಅರ್ಧಕ್ಕೆ ನಿಂತಿತು. ಕಟ್ಟಡ ಖಾಲಿಯಾಗಿಯೇ ಉಳಿಯಿತು. ನಾಲ್ಕು ವರ್ಷ ಮೂರು ದಿನ ಕಳೆದ ಮೇಲೆ, 2016ರ ಆಗಸ್ಟ್ 28ರ ಭಾನುವಾರ, ಪಕ್ಕದ ದೇವರಾಜ ಮಾರ್ಕೆಟ್ಟಿನ ಉತ್ತರ ಬಾಗಿಲಿನ ಕಡೆಯ ಭಾಗ ಬಿತ್ತು. ಧನ್ವಂತರಿ ರಸ್ತೆಯ ಕಡೆ. ಅಲ್ಲಿ ದುರಸ್ತಿ ಕೆಲಸ ನಡೆಯುತ್ತಿತ್ತು, ಆ ಕೆಲಸದ ನಡುವೆಯೇ ಬಿತ್ತು. ಆ ಸಲ ಯಾರ ಜೀವವೂ ಹೋಗಲಿಲ್ಲ.

ಎರಡೂ ಕಟ್ಟಡಗಳ ಮಾಲೀಕರು ಒಬ್ಬರೇ, ಮೈಸೂರು ಮಹಾನಗರ ಪಾಲಿಕೆ. ಊರಿನಲ್ಲಿ ಯಾವುದಾದರೂ ಕಟ್ಟಡ ಬೀಳೋ ಹಾಗಿದ್ದರೆ ಅದರ ಮಾಲೀಕನಿಗೆ ನೋಟಿಸು ಕೊಡುವ ಅಧಿಕಾರ ಇರುವುದೂ ಅದೇ ಪಾಲಿಕೆಗೆ. ನಾನು ಈ ಪ್ರಕರಣವನ್ನು ಬಿಡಿಸಿ ಬರೆಯುತ್ತಿರುವುದು ಈ ಒಂದು ಗಂಟಿಗಾಗಿ.

ಕಟ್ಟಡದ ಹಿನ್ನೆಲೆ

ಲ್ಯಾನ್ಸ್‌ಡೌನ್ ಕಟ್ಟಡ 1892ರದು. ಆಗ ಚಾಮರಾಜ ಒಡೆಯರ್ ಆಳುತ್ತಿದ್ದರು. ವೈಸ್‌ರಾಯ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗೆ ಕಟ್ಟಿಸಿದ್ದು. ಅದಕ್ಕೂ ಮುಂಚೆ 1886ರಲ್ಲಿ, ಇನ್ನೊಬ್ಬ ವೈಸ್‌ರಾಯ್ ಡಫರಿನ್ ಬಂದ ನೆನಪಿಗೆ ಚಿಕ್ಕ ಗಡಿಯಾರ ಎದ್ದಿತ್ತು. ದೇವರಾಜ ಮಾರ್ಕೆಟ್ಟು ಕೂಡ ಸುಮಾರು ಅದೇ ಕಾಲದ್ದು. ಹಾಗಾಗಿ ಗಡಿಯಾರ, ಮಾರ್ಕೆಟ್ಟು, ಲ್ಯಾನ್ಸ್‌ಡೌನ್ ಮೂರೂ ಒಂದೇ ತಲೆಮಾರಿನವು, ಒಂದೇ ರೀತಿಯ ಕೆಲಸದವು. ಮೈಸೂರು ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆ, ಗೋಪುರ ಮಾಡಿಟ್ಟ ಕುಂಕುಮ ಎಲ್ಲಾ ಈ ಮಾರ್ಕೆಟ್ಟಿನ ಕಟ್ಟೆಗಳ ಮೇಲೆ ಕೂತು ನಮ್ಮ ಮನೆಗಳಿಗೆ ಬಂದವು.

ಇಂಥ ಕಟ್ಟಡ ಹೇಗೆ ಸಾಯುತ್ತದೆ ಅನ್ನೋದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕಾನೂನು ಎಲ್ಲಿ ತಡವಾಗುತ್ತದೆ ಅನ್ನೋದು ಅದರಿಂದಲೇ ತಿಳಿಯುತ್ತದೆ.

ಆ ಕಾಲದ ಮೈಸೂರಿನ ಕಟ್ಟಡಗಳಲ್ಲಿ ಸಿಮೆಂಟ್ ಇಲ್ಲ. ಇಟ್ಟಿಗೆ ಅಥವಾ ಕಲ್ಲು, ನಡುವೆ ಸುಣ್ಣದ ಗಾರೆ. ಸೂರಿಗೆ ಬಹಳ ಕಡೆ ಮದ್ರಾಸ್ ತಾರಸಿ. ಅಂದರೆ ಗೋಡೆಯಿಂದ ಗೋಡೆಗೆ ಮರದ ತೊಲೆ, ಅದರ ಮೇಲೆ ಜಂತೆ, ಜಂತೆಯ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿಗೆ ನಿಲ್ಲಿಸಿ ಓರೆಯಾಗಿ ಕೂರಿಸಿದ ಒಂದು ಪದರ. ಅದರ ಮೇಲೆ ಇಟ್ಟಿಗೆ ಚೂರು ಸುಣ್ಣ ಬೆರೆಸಿ ದಿನಗಟ್ಟಲೆ ಬಡಿದ ಗಾರೆ. ಚೆನ್ನಾಗಿ ನೋಡಿಕೊಂಡರೆ ಇದು ನೂರಾರು ವರ್ಷ ನಿಲ್ಲುತ್ತದೆ. ಆದರೆ ನೋಡಿಕೊಳ್ಳುವವರು ಬೇಕು. ವರ್ಷಕ್ಕೊಂದು ಸಲ ಮೇಲೆ ಹತ್ತಬೇಕು, ಎಲೆ ಗುಡಿಸಬೇಕು, ನೀರು ಹೋಗುವ ಕೊಳವೆ ಬಿಡಿಸಬೇಕು, ಸೀಳಿಗೆ ಗಾರೆ ತುಂಬಬೇಕು.

ಇದನ್ನು ಬಿಟ್ಟರೆ ಏನಾಗುತ್ತೆ? ಹಕ್ಕಿ ಹಾಕಿದ ಅರಳಿ ಬೀಜ ಸಂದಿಯಲ್ಲಿ ಮೊಳೆಯುತ್ತದೆ. ಮೊದಲ ವರ್ಷ ಅದನ್ನು ಎರಡು ಬೆರಳಲ್ಲಿ ಕಿತ್ತು ಹಾಕಬಹುದು. ಐದನೇ ವರ್ಷ ಬೇರು ಗೋಡೆಯ ಒಳಗೆ ಹೋಗಿರುತ್ತದೆ, ಕೀಳಲು ಹೋದರೆ ಗೋಡೆಯೇ ಬರುತ್ತದೆ. ಬೇರು ಬಿಟ್ಟ ಸೀಳಿನಲ್ಲಿ ನೀರು ಇಳಿಯುತ್ತದೆ. ಇಳಿದ ನೀರು ತೊಲೆಯ ತುದಿಗೆ ಹೋಗುತ್ತದೆ. ತೊಲೆಯ ತುದಿ ಗೋಡೆಯೊಳಗೆ ಹುದುಗಿರುತ್ತೆ, ಹೊರಗೆ ಕಾಣುವುದಿಲ್ಲ. ಕೋಣೆಯಲ್ಲಿ ನಿಂತು ನೋಡುವವರಿಗೆ ತೊಲೆ ಗಟ್ಟಿಯಾಗಿಯೇ ಕಾಣುತ್ತದೆ. ಗೋಡೆಯೊಳಗಿನ ಒಂದಡಿ ಮಾತ್ರ ಪುಡಿಯಾಗಿರುತ್ತದೆ. ಒಂದು ದಿನ ಅದು ಜಾರುತ್ತದೆ. ಅದಕ್ಕೇ ಇಂಥ ಸೂರುಗಳು ಬಿದ್ದಾಗ ಎಲ್ಲರೂ ‘ದಿಢೀರಂತ ಬಿತ್ತು’ ಅನ್ನುತ್ತಾರೆ. ಬೀಳುವುದು ದಿಢೀರನೆ ಇರಬಹುದು, ಹಾಳಾಗುವುದಕ್ಕೆ ಮಾತ್ರ ಇಪ್ಪತ್ತು ಮೂವತ್ತು ವರ್ಷ ಹಿಡಿದಿರುತ್ತದೆ.

ಅಗ್ರಹಾರದಲ್ಲಿ ಪರಿಚಯದವರ ಹಳೇ ಮನೆ ರಿಪೇರಿ ನಡೆಯುವಾಗ ಒಬ್ಬ ಹಿರಿಯ ಮೇಸ್ತ್ರಿ ನನಗೆ ಇದನ್ನು ತೋರಿಸಿದರು. ಗೋಡೆಗೆ ಯಾವಾಗಲೋ ಸಿಮೆಂಟ್ ಬಳಿದಿದ್ದರು. ಮೇಲ್ನೋಟಕ್ಕೆ ಗೋಡೆ ಗಟ್ಟಿ. ಅವರು ಉಳಿಯಿಂದ ಸಿಮೆಂಟನ್ನು ಅಂಗೈಯಗಲ ಎಬ್ಬಿಸಿ, ಹಿಂದಿದ್ದ ಗಾರೆಯ ಮೇಲೆ ಹೆಬ್ಬೆರಳು ಒತ್ತಿದರು. ಒದ್ದೆ ರವೆಯ ಹಾಗೆ ಉದುರಿತು. “ನೋಡಿ ಸಾ, ಸುಣ್ಣದ ಗೋಡೆ ಉಸಿರಾಡ್ತದೆ. ನೀರು ಕುಡೀತದೆ, ಬಿಸಿಲಿಗೆ ಬಿಡ್ತದೆ. ಸಿಮೆಂಟ್ ಹಾಕಿದ್ರೆ ಬಾಯಿ ಕಟ್ಟಿದ ಹಾಗೆ. ನೀರು ಒಳಗೇ ಉಳೀತದೆ” ಅಂದರು. ಹಳೇ ಕಟ್ಟಡಗಳಿಗೆ ಮಾಡುವ ಅವಸರದ ದುರಸ್ತಿ ಎಷ್ಟೋ ಸಲ ಹೀಗೇ ಇರುತ್ತದೆ. ಮುಂಭಾಗಕ್ಕೆ ಸಿಮೆಂಟ್, ಮೇಲೆ ಬಣ್ಣ. ದಸರಾ ಬಂತು ಅಂದರೆ ಊರಿನ ಮುಂಭಾಗಕ್ಕೆಲ್ಲ ಬಣ್ಣ ಬೀಳುತ್ತದೆ, ದೀಪ ಹತ್ತುತ್ತದೆ. ಸೂರಿನ ಮೇಲಕ್ಕೆ ಏಣಿ ಇಡುವವರು ಕಡಿಮೆ.

ಕಾನೂನು ಏನು ಹೇಳುತ್ತದೆ

ಅಧಿಕಾರ ಇರಲಿಲ್ಲ ಅನ್ನುವ ಹಾಗಿಲ್ಲ. ಕರ್ನಾಟಕ ಪೌರ ನಿಗಮಗಳ ಕಾಯ್ದೆ, 1976 ಇದೆ. ಯಾವುದಾದರೂ ಕಟ್ಟಡ ಶಿಥಿಲವಾಗಿ ದಾರಿಹೋಕರಿಗೋ ಅಕ್ಕಪಕ್ಕದವರಿಗೋ ಅಪಾಯ ಅಂತ ಆಯುಕ್ತರಿಗೆ ಕಂಡರೆ, ಮಾಲೀಕರಿಗೆ ಅಥವಾ ಅಲ್ಲಿರುವವರಿಗೆ ನೋಟಿಸು ಕೊಡಬಹುದು. ಬೇಲಿ ಹಾಕಿ, ಆಸರೆ ಕೊಡಿ, ದುರಸ್ತಿ ಮಾಡಿ, ಇಲ್ಲವೇ ಕೆಡವಿ ಅಂತ ಹೇಳಬಹುದು. ತುರ್ತಾಗಿದ್ದರೆ ನೋಟಿಸಿಗೂ ಕಾಯಬೇಕಿಲ್ಲ, ಪಾಲಿಕೆಯೇ ಕೆಲಸ ಮಾಡಿಸಿ ಖರ್ಚನ್ನು ಮಾಲೀಕರಿಂದ ವಸೂಲಿ ಮಾಡಬಹುದು.

ಓದಲು ಸಾಕಷ್ಟು ಬಲವಾಗಿಯೇ ಇದೆ, ಅಲ್ವಾ? ಆದರೆ ಎರಡು ಕಡೆ ಸಡಿಲ ಇದೆ.

ಒಂದು, ಇದು ‘ಕಂಡರೆ’ ಎನ್ನುವ ಕಾನೂನು. ಆಯುಕ್ತರ ಕಣ್ಣಿಗೆ ಬಿದ್ದ ಮೇಲೆ ಕೆಲಸ ಶುರು. ಇಷ್ಟು ವರ್ಷ ಹಳೆಯ ಕಟ್ಟಡವನ್ನು ಇಷ್ಟು ವರ್ಷಕ್ಕೊಮ್ಮೆ ಇಂಥವರು ಪರೀಕ್ಷೆ ಮಾಡಲೇಬೇಕು ಅನ್ನೋ ಗಡುವು ಅದರಲ್ಲಿಲ್ಲ. ತೊಲೆಯ ತುದಿ ಗೋಡೆಯೊಳಗೆ ಕೊಳೆಯುವಾಗ ಯಾರ ಕಣ್ಣಿಗೆ ಬೀಳಬೇಕು? ಕಣ್ಣಿಗೆ ಬೀಳುವ ಹೊತ್ತಿಗೆ ಸೂರು ನೆಲದ ಮೇಲಿರುತ್ತದೆ.

ಇನ್ನೊಂದು, ಮಾಲೀಕರು ಬೇರೆ, ಪಾಲಿಕೆ ಬೇರೆ ಅಂದುಕೊಂಡು ಈ ಕಾನೂನು ಬರೆದಿದೆ. ಖಾಸಗಿ ಮನೆಯ ವಿಷಯದಲ್ಲಿ ಅದು ಸರಿ. ಲ್ಯಾನ್ಸ್‌ಡೌನ್ ಕಟ್ಟಡಕ್ಕೆ ಬಂದಾಗ ನೋಟಿಸು ಬರೆಯಬೇಕಾದವರು ಆಯುಕ್ತರು, ತಗೊಳ್ಳಬೇಕಾದವರು ಆಯುಕ್ತರು. ಖರ್ಚು ಮಾಡುವುದು ಪಾಲಿಕೆ, ವಸೂಲಿ ಮಾಡಬೇಕಾದದ್ದು ಪಾಲಿಕೆಯಿಂದ. ಹೀಗಿದ್ದಾಗ ಆ ಕಲಂ ಕೆಲಸ ಮಾಡುವುದಿಲ್ಲ. ಯಾರೋ ಒಬ್ಬ ಅಧಿಕಾರಿ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಎಷ್ಟೇ ಒಳ್ಳೆಯ ಅಧಿಕಾರಿ ಬಂದರೂ, ತನಗೆ ತಾನೇ ನೋಟಿಸು ಕೊಟ್ಟುಕೊಂಡು, ತನ್ನ ಗಡುವು ಮೀರಿದ್ದಕ್ಕೆ ತನಗೇ ದಂಡ ಹಾಕಿಕೊಳ್ಳುವುದಿಲ್ಲ.

ಇದು ಮೈಸೂರಿನ ಕಷ್ಟ ಮಾತ್ರವೂ ಅಲ್ಲ. ಮುಂಬೈನಲ್ಲಿ ಹಳೇ ಕಟ್ಟಡಗಳ ಕಾನೂನು ನಮ್ಮದಕ್ಕಿಂತ ಎಷ್ಟೋ ಮುಂದಿದೆ. 1969ರಲ್ಲೇ ಅಲ್ಲಿ ದುರಸ್ತಿ ಮಂಡಳಿಯ ಕಾಯ್ದೆ ಬಂತು. ಹಳೇ ಬಾಡಿಗೆ ಕಟ್ಟಡಗಳ ಮೇಲೆ ಒಂದು ಸೆಸ್ ಹಾಕಿ, ಆ ಹಣದಿಂದ ಮಂಡಳಿಯೇ ದುರಸ್ತಿ ಮಾಡಿಸುವ ಏರ್ಪಾಡು. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಅಪಾಯದ ಕಟ್ಟಡಗಳ ಪಟ್ಟಿ ಹೊರಬೀಳುತ್ತದೆ. ಅಲ್ಲಿನ ಪಾಲಿಕೆ ಕಾಯ್ದೆಯ 353ಬಿ ಕಲಂ ಪ್ರಕಾರ 30 ವರ್ಷ ದಾಟಿದ ಕಟ್ಟಡದವರು ಎಂಜಿನಿಯರಿಂದ ಭದ್ರತೆಯ ಸರ್ಟಿಫಿಕೇಟ್ ತರಬೇಕು. ಗಡುವಿನ ಕಾನೂನು ಅಂದರೆ ಇದು. ಇಷ್ಟಿದ್ದೂ 2013ರ ಸೆಪ್ಟೆಂಬರ್ 27ರ ಬೆಳಗ್ಗೆ ಡಾಕ್‌ಯಾರ್ಡ್ ರಸ್ತೆಯ ಬಾಬು ಗೇನು ಮಾರ್ಕೆಟ್ ಕಟ್ಟಡ ಕುಸಿದು 61 ಜನ ಸತ್ತರು. ಅದು ಯಾರ ಕಟ್ಟಡ? ಮುಂಬೈ ಪಾಲಿಕೆಯದೇ. ಅದರಲ್ಲಿ ಇದ್ದವರು ಪಾಲಿಕೆಯ ನೌಕರರು, ಅವರ ಮನೆಯವರು. ಇದು ನಡೆದದ್ದು ಲ್ಯಾನ್ಸ್‌ಡೌನ್ ಬಿದ್ದ ಒಂದು ವರ್ಷದ ಮೇಲೆ. ಬೇರೆ ಊರು, ಬೇರೆ ಕಾಲದ ಕಟ್ಟಡ, ಆದರೆ ಗಂಟು ಅದೇ.

ಬೀಗ ಹಾಕಿದರೆ ಮುಗಿಯಿತೇ?

2012ರ ದುರಂತದ ಮೇಲೆ ಮಾಡಿದ ಮೊದಲ ಕೆಲಸ, ಜನರನ್ನು ಹೊರಗೆ ಕಳಿಸಿದ್ದು. ಅದು ಸರಿಯೇ. ಜೀವಕ್ಕಿಂತ ದೊಡ್ಡದು ಯಾವುದೂ ಇಲ್ಲ. ಆದರೆ ಖಾಲಿ ಮಾಡಿಸಿದ ದಿನದಿಂದ ಎರಡು ಹೊಸ ಕಷ್ಟ ಶುರುವಾಗುತ್ತವೆ. ನಮ್ಮ ನಿಯಮಗಳಲ್ಲಿ ಎರಡಕ್ಕೂ ಉತ್ತರ ಇಲ್ಲ.

ಜನ ಇದ್ದಾಗ ಕಟ್ಟಡಕ್ಕೆ ಕಣ್ಣು ಇರುತ್ತದೆ. ಸೋರಿದರೆ ಅಂಗಡಿಯವರು ಬೈದುಕೊಂಡಾದರೂ ಒಂದು ಪ್ಲಾಸ್ಟಿಕ್ ಹೊದಿಸುತ್ತಾರೆ. ಕೊಳವೆ ಕಟ್ಟಿಕೊಂಡರೆ ಕೋಲು ಹಾಕಿ ಬಿಡಿಸುತ್ತಾರೆ. ಖಾಲಿಯಾದ ಮೇಲೆ ಆ ಕಣ್ಣು ಹೋಯಿತು. ಕಿಟಕಿ ಬಾಗಿಲು ಮುರಿದರೆ ಮಳೆ ನೇರ ಒಳಗೆ. ಬಿದ್ದ ಜಾಗದ ಪಕ್ಕದ ತೊಲೆಗಳು ಬಯಲಿಗೆ ಬಿದ್ದಿರುತ್ತವೆ. ನೀರು ಇಳಿಯದಂತೆ ತಾತ್ಕಾಲಿಕ ತಗಡು, ತೊಲೆಗಳ ಕೆಳಗೆ ಆಸರೆ ಕಂಬ, ವರ್ಷಕ್ಕೆರಡು ಸಲ ಗಿಡ ಕೀಳೋದು. ಖಾಲಿ ಕಟ್ಟಡ ಕಾಯುವುದೆಂದರೆ ಮೊದಲಿಗೆ ಇಷ್ಟು. ಇದಕ್ಕೆ ಕೋಟಿಗಟ್ಟಲೆ ಬೇಡ. ಆದರೆ ಇದನ್ನು ಮಾಡಲೇಬೇಕು ಅಂತ ಯಾವ ಆದೇಶದಲ್ಲೂ ಬರೆಯುವುದಿಲ್ಲ. ‘ದುರಸ್ತಿ’ ಅಥವಾ ‘ಕೆಡವು’ ಎಂಬ ಎರಡು ದೊಡ್ಡ ಮಾತುಗಳ ನಡುವೆ ‘ಅಲ್ಲಿಯವರೆಗೆ ಕಾಪಾಡು’ ಅನ್ನುವ ಸಣ್ಣ ಮಾತು ಬಿದ್ದುಹೋಗುತ್ತದೆ. ತೀರ್ಮಾನಕ್ಕೆ ಹತ್ತು ವರ್ಷ ಹಿಡಿದರೆ, ಆ ಹತ್ತು ಮಳೆಗಾಲಗಳೇ ತೀರ್ಮಾನ ಮಾಡಿಬಿಡುತ್ತವೆ.

ಇನ್ನೊಂದು ಕಷ್ಟ ಬಾಡಿಗೆದಾರರದು. ಪುಸ್ತಕದ ಅಂಗಡಿಗಳು ಅಲ್ಲಿಂದ ಚದುರಿಹೋದವು. ದೇವರಾಜ ಮಾರ್ಕೆಟ್ಟಿನ ನೂರಾರು ವ್ಯಾಪಾರಿಗಳು ಇದನ್ನು ಕಣ್ಣಾರೆ ನೋಡಿದ್ದಾರೆ. ‘ಸ್ವಲ್ಪ ದಿನ ಹೊರಗಿರಿ, ರಿಪೇರಿ ಆದ ಮೇಲೆ ಬನ್ನಿ’ ಅನ್ನುವ ಮಾತನ್ನು ಆಮೇಲೆ ಯಾರು ನಂಬುತ್ತಾರೆ? ಅಪ್ಪನ ಕಾಲದಿಂದ ಹೂ ಮಾರುತ್ತಿರುವವರಿಗೆ ಆ ನಾಲ್ಕಡಿ ಕಟ್ಟೆ ಬಿಟ್ಟರೆ ಬೇರೆ ಆಸ್ತಿ ಇಲ್ಲ. ಹಾಗಾಗಿ ಅಪಾಯ ಗೊತ್ತಿದ್ದರೂ ಅಲ್ಲೇ ಕೂರುತ್ತಾರೆ. ಹೊರಗಿನವರಿಗೆ ಇದು ಹಟ ಅನ್ನಿಸಬಹುದು. ನನಗೆ ಹಾಗೆ ಕಾಣುವುದಿಲ್ಲ. ವಾಪಸ್ ಬರುವ ಹಕ್ಕು, ಅಷ್ಟೇ ಅಳತೆಯ ಜಾಗ, ಅಲ್ಲಿಯವರೆಗೆ ಕೂರಲು ಬೇರೆ ಜಾಗ, ಇವು ಮೂರನ್ನು ಹೆಸರು ಸಮೇತ ಬರೆದು ಕೊಡದೆ ಖಾಲಿ ಮಾಡಿ ಅನ್ನುವುದು ಅನ್ಯಾಯ.

ಬಾಡಿಗೆಯ ಮಾತೂ ಇಲ್ಲಿದೆ. ಪಾಲಿಕೆ ಅಂಗಡಿಗಳ ಬಾಡಿಗೆ ಸಾಮಾನ್ಯವಾಗಿ ಹೊರಗಿನ ದರಕ್ಕಿಂತ ಕಡಿಮೆ. ಬಂದ ಬಾಡಿಗೆ ಪಾಲಿಕೆಯ ಒಟ್ಟು ಖಾತೆಗೆ ಸೇರುತ್ತದೆ. ಅದರಲ್ಲಿ ಇಷ್ಟು ಪಾಲು ಇದೇ ಕಟ್ಟಡದ ಸೂರಿಗೆ ಅಂತ ಎತ್ತಿಡದಿದ್ದರೆ ಕಟ್ಟಡ ದುಡಿದದ್ದು ಕಟ್ಟಡಕ್ಕೆ ವಾಪಸ್ ಬರುವುದಿಲ್ಲ.

ಉಳಿಸೋದಾ, ಕೆಡವೋದಾ

2016ರ ನಂತರ ಚರ್ಚೆ ಎಲ್ಲಾ ಈ ಕಡೆಗೇ ಹೋಯಿತು. ಮಾರ್ಕೆಟ್ಟು, ಲ್ಯಾನ್ಸ್‌ಡೌನ್ ಎರಡನ್ನೂ ಕೆಡವಿ, ಅದೇ ಹೊರರೂಪದಲ್ಲಿ ಹೊಸದಾಗಿ ಕಟ್ಟಬೇಕು ಅನ್ನೋದು ಪಾಲಿಕೆಯ ನಿಲುವಾಯಿತು. ಪಾರಂಪರಿಕ ಕಟ್ಟಡಗಳನ್ನು ಬಲ್ಲವರು ಬೇಡ ಅಂದರು. ಪ್ರಮೋದಾದೇವಿ ಒಡೆಯರ್ ಅವರೂ ಕೆಡವುವುದನ್ನು ವಿರೋಧಿಸಿದರು. ಪರಂಪರೆ ಉಳಿಸಲು ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ಕಡೆಯ ತಜ್ಞರು ದುರಸ್ತಿ ಸಾಧ್ಯ ಎಂದರು. ಕೆಡವುವುದೇ ಸರಿ ಎಂಬ ತಜ್ಞರ ವರದಿಯೂ ಬಂತು. ವಿಷಯ ಹೈಕೋರ್ಟಿಗೆ ಹೋಯಿತು. 2023ರಲ್ಲಿ ಹೈಕೋರ್ಟು ಕೆಡವಿ ಕಟ್ಟಲು ದಾರಿ ಬಿಟ್ಟಿತು. ಲ್ಯಾನ್ಸ್‌ಡೌನ್ ಬಿದ್ದು ಆಗ 11 ವರ್ಷ.

ಎರಡು ವರದಿ ಎರಡು ರೀತಿ ಹೇಳಿದ್ದಕ್ಕೆ ಜನ ಗೊಂದಲಪಟ್ಟರು. ನನಗೆ ಅದರಲ್ಲಿ ಅಷ್ಟು ಆಶ್ಚರ್ಯ ಇಲ್ಲ. ಇವತ್ತಿನ ಸಿಮೆಂಟ್, ಕಬ್ಬಿಣದ ಲೆಕ್ಕದಲ್ಲಿ ಅಳೆದರೆ ಸುಣ್ಣದ ಗೋಡೆ ಫೇಲಾಗುತ್ತದೆ. ಸುಣ್ಣದ ಕೆಲಸ ಬಲ್ಲವರು ಅದೇ ಗೋಡೆಯನ್ನು ನೋಡಿ, ಇಲ್ಲಿ ಬಿಚ್ಚಿ ಅಲ್ಲಿ ತುಂಬಿದರೆ ನಿಲ್ಲುತ್ತದೆ ಅನ್ನುತ್ತಾರೆ. ಯಾವ ಅಳತೆಗೋಲಿನಿಂದ ಅಳೆಯಬೇಕು ಅನ್ನುವ ನಿಯಮ ಮೊದಲೇ ಇರಬೇಕಿತ್ತು. ಹಳೇ ಕಟ್ಟಡದ ಪರೀಕ್ಷೆ ಇಂಥ ಅನುಭವ ಇರುವವರೇ ಮಾಡಬೇಕು ಅಂತ ಬರೆದಿದ್ದರೆ ವರದಿಗಳ ಜಗಳಕ್ಕೆ ಇಷ್ಟು ವರ್ಷ ಹೋಗುತ್ತಿರಲಿಲ್ಲ. ಪಾರಂಪರಿಕ ಸಮಿತಿ ಇದೆ, ನಿಜ. ಅದು ಸಲಹೆ ಕೊಡಬಲ್ಲದು. ಅದರ ಕೈಯಲ್ಲಿ ದುಡ್ಡಿಲ್ಲ, ಆದೇಶದ ಬಲ ಇಲ್ಲ.

ನಾನು ಉಳಿಸಬೇಕು ಅನ್ನುವವರ ಪಕ್ಷ. ಆದರೆ ನಾಲ್ಕು ಜನ ಸತ್ತ ಜಾಗದ ಬಗ್ಗೆ ಮಾತಾಡುವಾಗ ಎಚ್ಚರ ಬೇಕು. ಉಳಿಸಿ ಅಂತ ಕೂಗುವ ನಮ್ಮಂಥವರು, ಉಳಿಸುವವರೆಗೂ ಅದು ಯಾರ ಮೇಲೂ ಬೀಳದ ಹಾಗೆ ಆಸರೆ ಕೊಡಿ ಅಂತಲೂ ಅಷ್ಟೇ ಜೋರಾಗಿ ಕೂಗಬೇಕಿತ್ತು. ನಾವು ಅದನ್ನು ಸಾಕಷ್ಟು ಮಾಡಲಿಲ್ಲ.

ಇದೇ ಊರಿನ ಇನ್ನೆರಡು ಕಟ್ಟಡ

ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ ಅರಮನೆ 1905ರದು. ಅದೂ ಹಾಳಾಗುತ್ತಿತ್ತು. ಇನ್ಫೋಸಿಸ್ ಫೌಂಡೇಶನ್ ಕೊಟ್ಟ 1.17 ಕೋಟಿ ರೂಪಾಯಿಯಲ್ಲಿ ಅದರ ದೊಡ್ಡ ಭಾಗ ದುರಸ್ತಿಯಾಯಿತು. ಮೈಸೂರಿನ ಹಳೇ ಗಾರೆ, ಮರದ ಕೆಲಸ ವಾಪಸ್ ತರಬಹುದು ಅನ್ನುವುದಕ್ಕೆ ಅದು ಸಾಕ್ಷಿ. ಆದರೆ ಒಂದು ಸಲ ಬಂದ ದೇಣಿಗೆ ಒಂದು ಸಲದ ಕೆಲಸ ಮಾಡಿಸುತ್ತದೆ. ಪ್ರತಿ ವರ್ಷ ಸೂರು ಗುಡಿಸುವ ಸಂಬಳ ಅದರಲ್ಲಿ ಬರುವುದಿಲ್ಲ. ಆ ಅರಮನೆ ಮತ್ತೆ ದುರಸ್ತಿಗೆ ಕಾಯುವ ಸ್ಥಿತಿಗೆ ಬಂತು.

ಎರಡನೆಯದು ಮಹಾರಾಣಿ ಮಹಿಳಾ ವಿಜ್ಞಾನ ಕಾಲೇಜು. ನೂರು ವರ್ಷ ದಾಟಿದ ಕಟ್ಟಡ. 2022ರ ಅಕ್ಟೋಬರ್ 21ರಂದು ಅದರ ಒಂದು ಭಾಗ ಬಿತ್ತು. ಬಿರುಕು ಗಮನಿಸಿ ಮಕ್ಕಳನ್ನು ಮೊದಲೇ ಹೊರಗೆ ಕಳಿಸಿದ್ದರಿಂದ ದೊಡ್ಡ ಅನಾಹುತ ತಪ್ಪಿತು. ಕಣ್ಣಿಟ್ಟು ನೋಡುವವರೊಬ್ಬರು ಒಳಗಿದ್ದರೆ ಎಷ್ಟು ವ್ಯತ್ಯಾಸ ಆಗುತ್ತೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಇದರ ಮಾಲೀಕರು ಸರ್ಕಾರ. ಲ್ಯಾನ್ಸ್‌ಡೌನ್, ಮಾರ್ಕೆಟ್ಟು, ಮಹಾರಾಣಿ, ಮೂರಕ್ಕೂ ಖಾಸಗಿ ಮಾಲೀಕರಿಲ್ಲ.

ಏನು ಬದಲಾಗಬೇಕು

ಪಾಲಿಕೆ ಅಥವಾ ಸರ್ಕಾರದ ಕಟ್ಟಡಕ್ಕೆ ನೋಟಿಸು ಕೊಡುವ ಅಧಿಕಾರ ಬೇರೆಯವರ ಕೈಯಲ್ಲಿರಬೇಕು. ಜಿಲ್ಲಾಧಿಕಾರಿ ಇರಬಹುದು, ರಾಜ್ಯ ಮಟ್ಟದ ಒಂದು ಪರೀಕ್ಷಕ ಕಚೇರಿ ಇರಬಹುದು. ನೋಟಿಸು ಕೊಡುವವರ ಹಣ ಪೆಟ್ಟಿಗೆ ಬೇರೆ ಇರಬೇಕು, ಬಡ್ತಿ ಕೊಡುವವರು ಬೇರೆ ಇರಬೇಕು. ಇದೊಂದು ಆಗದೆ ಉಳಿದದ್ದೆಲ್ಲ ಸುಮ್ನೆ ಕಾಗದ.

ಪರೀಕ್ಷೆಗೆ ಗಡುವು ಬೇಕು. ಪಾಲಿಕೆಯ ಎಲ್ಲ ಹಳೇ ಕಟ್ಟಡಗಳನ್ನೂ ಪ್ರತಿ ಏಪ್ರಿಲ್‌ನಲ್ಲಿ, ಮುಂಗಾರಿಗೆ ಮುಂಚೆ, ಸೂರು ಹತ್ತಿ ನೋಡಬೇಕು. ನೋಡಿದವರ ಹೆಸರು, ತಾರೀಖು, ಏನು ಕಂಡಿತು ಅನ್ನೋದನ್ನು ಕನ್ನಡದಲ್ಲಿ ಬರೆದು ಅದೇ ಕಟ್ಟಡದ ಬಾಗಿಲಿಗೆ ಅಂಟಿಸಬೇಕು. ಒಳಗೆ ಹೋಗುವ ಹೂವಿನವರು, ಸಾಮಾನು ತಗೊಳ್ಳುವ ತಾಯಂದಿರು ಅದನ್ನು ಓದಬೇಕು. ಅವರ ತಲೆಯ ಮೇಲಿನ ಸೂರು ಅದು.

ಖಾಲಿ ಮಾಡಿಸುವ ಆದೇಶದ ಜೊತೆಗೇ ಕಾಪಾಡುವ ಆದೇಶ ಹೊರಡಬೇಕು. ಇಂತಿಷ್ಟು ದಿನದಲ್ಲಿ ಆಸರೆ, ತಗಡು, ಬೇಲಿ. ಬಾಡಿಗೆಯ ಒಂದು ಪಾಲು ಪ್ರತ್ಯೇಕ ಖಾತೆಗೆ ಹೋಗಬೇಕು, ಆ ಖಾತೆಯಿಂದ ಸೂರಿನ ಕೆಲಸಕ್ಕೆ ಬಿಟ್ಟು ಬೇರೆ ಯಾವುದಕ್ಕೂ ತೆಗೆಯಬಾರದು. ಬಾಡಿಗೆ ಸ್ವಲ್ಪ ಜಾಸ್ತಿ ಮಾಡಬೇಕಾದರೂ, ಆ ದುಡ್ಡು ನಿಮ್ಮ ತೊಲೆಗೇ ಹೋಗುತ್ತದೆ ಅಂತ ತೋರಿಸಿದರೆ ವ್ಯಾಪಾರಿಗಳು ಒಪ್ಪುತ್ತಾರೆ ಅನ್ನೋ ನಂಬಿಕೆ ನನಗಿದೆ. ಅವರ ವ್ಯಾಪಾರವೂ, ಜೀವವೂ ಅದರ ಕೆಳಗೇ ಇರುವುದು.

ಖಾಸಗಿ ಕಟ್ಟಡಗಳ ವಿಷಯದಲ್ಲಿ ನೋಟಿಸು ಕೆಲಸ ಮಾಡುತ್ತದೆ ಅಂದೆ, ಅದಕ್ಕೂ ಮಿತಿ ಇದೆ. ಅಣ್ಣತಮ್ಮಂದಿರ ಪಾಲಿನ ಕೇಸು ಕೋರ್ಟಿನಲ್ಲಿರುವ ಮನೆಗೆ ನೋಟಿಸು ಅಂಟಿಸಿದರೆ ಯಾರು ರಿಪೇರಿ ಮಾಡುತ್ತಾರೆ? ಆದರೂ ಅಲ್ಲಿ ಪಾಲಿಕೆ ಮಧ್ಯೆ ಬಂದು ಕೆಲಸ ಮಾಡಿಸಬಹುದು. 2021ರ ಸೆಪ್ಟೆಂಬರ್ 27ರಂದು ಬೆಂಗಳೂರಿನ ಲಕ್ಕಸಂದ್ರದಲ್ಲಿ ಮೆಟ್ರೋ ಕೆಲಸಗಾರರಿದ್ದ ಕಟ್ಟಡ ಬಿತ್ತು. ವಾಲುತ್ತಿರುವುದು ಗೊತ್ತಾಗಿ ಎಲ್ಲರೂ ಮೊದಲೇ ಹೊರಗೆ ಬಂದಿದ್ದರು. ಅದಾದ ಮೇಲೆ ಬೆಂಗಳೂರಿನಲ್ಲಿ ಶಿಥಿಲ ಕಟ್ಟಡಗಳ ಸರ್ವೆ ಶುರುವಾಯಿತು. ಇಂಥ ಸರ್ವೆಯ ಮೊದಲ ಪುಟದಲ್ಲಿ ಪಾಲಿಕೆಯ ಸ್ವಂತ ಕಟ್ಟಡಗಳೇ ಇರಬೇಕು ಅನ್ನುವುದು ನನ್ನ ಬೇಡಿಕೆ.

ವಿಜಯದಶಮಿಯ ಮಧ್ಯಾಹ್ನ ಜಂಬೂಸವಾರಿ ಅರಮನೆಯಿಂದ ಹೊರಟು ಕೆ.ಆರ್. ಸರ್ಕಲ್ ದಾಟಿ ಸಯ್ಯಾಜಿರಾವ್ ರಸ್ತೆಗೆ ಬರುತ್ತದೆ. ಎಡಕ್ಕೆ ದೇವರಾಜ ಮಾರ್ಕೆಟ್ಟು. ಹಿಂದೆಲ್ಲ ಜನ ಈ ಹಳೇ ಕಟ್ಟಡಗಳ ಸೂರಿನ ಮೇಲೆ ಸಾಲಾಗಿ ಕೂತು ಆನೆ ನೋಡುತ್ತಿದ್ದರು. ಈಗ ಹತ್ತಬೇಡಿ ಅಂತ ಎಚ್ಚರಿಕೆ ಹಾಕುತ್ತಾರೆ. ಒಂದು ಸಲ ನಾನು ಅಲ್ಲೇ ಕೆಳಗೆ ನಿಂತಿದ್ದೆ. ಹೆಗಲ ಮೇಲೆ ಮಗು ಕೂರಿಸಿಕೊಂಡ ಒಬ್ಬರು ಮೆಟ್ಟಿಲ ಕಡೆ ಹೋದರು. ಕಾನ್‌ಸ್ಟೆಬಲ್ ಕೈ ಅಡ್ಡ ಹಿಡಿದು, “ಬೇಡ ಅಣ್ಣಾ, ಇದು ಗಟ್ಟಿ ಇಲ್ಲ, ಈ ಕಡೆ ಬನ್ನಿ” ಅಂದರು. ಅವರು ತಲೆಯೆತ್ತಿ ಸೂರನ್ನು ಒಂದು ಸಲ ನೋಡಿ, ಮಗುವನ್ನು ಹೆಗಲಿನಿಂದ ಎದೆಗೆ ಇಳಿಸಿಕೊಂಡು, ರಸ್ತೆಯ ಆಚೆ ಬದಿಗೆ ಹೋದರು.